ಒಂದಡಿ ಏರಲು ಹನ್ನೆರಡಡಿ

ಗುರುದತ್ತರಿಗೆ ಬಾಯಿ ಮುಚ್ಚಿಕೊಂಡು ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ಮೂವತ್ತೈದು ವರ್ಷ ಹ್ಯೂಸ್ಟನ್ನಿನಲ್ಲಿ ಎಣ್ಣೆ ಟ್ಯಾಂಕುಗಳ ನಕ್ಷೆ ಬರೆದು ನಿವೃತ್ತರಾದ ಎಂಜಿನಿಯರು. ಈಗ ಅಲ್ಲೇ ಪಕ್ಕದ ಪೇರ್‌ಲ್ಯಾಂಡ್ ಊರಿನ ತಮ್ಮದೇ ಗರಾಜಿನಲ್ಲಿ ನಾಲ್ಕು ಹೈಸ್ಕೂಲು ಮಕ್ಕಳು ತಲೆಗೆ ತಲೆ ಕೊಟ್ಟು ಲೆಕ್ಕ ಮಾಡುತ್ತಿದ್ದರೆ, ಇವರು ಮೂಲೆಯ ಕುರ್ಚಿಯಲ್ಲಿ. ಶನಿವಾರದ ಗಣಿತದ ಪಾಠ ಹೆಂಡತಿ ಅನಸೂಯಾ ಅವರದು.

"ನೀವು ಉತ್ತರ ಹೇಳಿದ್ರೆ ಕಾಫಿ ಇಲ್ಲ," ಎಂದಿದ್ದರು ಆಕೆ.

ಲೆಕ್ಕ ಪುಸ್ತಕದ್ದಲ್ಲ. ದೀಪಾವಳಿಗೆ ಕನ್ನಡ ಸಂಘದವರು ಹಲಗೆ ಜೋಡಿಸಿ ಕಟ್ಟುವ ವೇದಿಕೆ ಎರಡಡಿ ಎತ್ತರ. ಎಂಬತ್ತರ ವಿಜಯಮ್ಮ ಹಾಡದೆ ಅಲ್ಲಿ ಹಬ್ಬ ಶುರುವಾಗದು, ಆದರೆ ಅವರಿರುವುದು ಗಾಲಿಕುರ್ಚಿಯಲ್ಲಿ. ಹೋದ ವರ್ಷ ನಾಲ್ವರು ಗಂಡಸರು ಅವರನ್ನು ಕುರ್ಚಿ ಸಮೇತ ಗಣಪತಿಯ ಹಾಗೆ ಎತ್ತಿ ಮೇಲಿಟ್ಟಿದ್ದರು. ಗುರುದತ್ತರ ಸೊಂಟ ಹಿಡಿದದ್ದೂ ಆಗಲೇ. ವಿಜಯಮ್ಮ ನಗುನಗುತ್ತಾ ಹಾಡಿದರು. ಆಮೇಲೆ ಅನಸೂಯಾ ಒಬ್ಬರ ಹತ್ತಿರ ಮಾತ್ರ ಹೇಳಿಕೊಂಡರು: "ಇನ್ಮೇಲೆ ನನ್ನ ಕರೀಬೇಡ ಕಣೆ. ಎತ್ತಿಸ್ಕೊಂಡು ಹಾಡೋಕೆ ಮನಸ್ಸು ಬರಲ್ಲ."

ಅದಕ್ಕೇ ಈ ಸಲ ವೇದಿಕೆಗೆ ಗಾಲಿಕುರ್ಚಿ ಏರುವಂಥ ಇಳಿಜಾರು ದಾರಿ. ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕೆಂಬುದು ನಿಯಮ. ಎರಡಡಿಗೆ ಇಪ್ಪತ್ತನಾಲ್ಕು. ವೇದಿಕೆಯಿಂದ ಗೋಡೆಯ ತನಕ ಇದ್ದದ್ದು ಹದಿನೆಂಟೇ.

"ಫೋಲ್ಡ್ ಮಾಡೋಣ," ಎಂದಳು ಇಶಾ. ಗಣಿತದ ಪರೀಕ್ಷೆ ಎಂದರೆ ಹೊಟ್ಟೆನೋವು ಬರಿಸಿಕೊಳ್ಳುವ ಹುಡುಗಿ. ಕಾಗದ ಮಡಿಸಿ ತೋರಿಸಿದಳು: ಹನ್ನೆರಡಡಿ ಹೋಗಿ, ತಿರುಗಿ, ಮತ್ತೆ ಹನ್ನೆರಡಡಿ ವಾಪಸ್ಸು.

ಗುರುದತ್ತರ ಮುಖ ಅರಳಿತು. ಹಿಂದಿನ ದಿನ ಕದ್ದು ಬರೆದ ಅದೇ ನಕ್ಷೆ ಅವರ ಜೇಬಿನಲ್ಲಿತ್ತು, ತಿರುಗಲು ಮೂರೂವರೆ ಅಡಿ ಜಾಗ ಬಿಟ್ಟು. ಮಕ್ಕಳೂ ಅಷ್ಟೇ ಬರೆದರು. ಇಶಾ ಮಾತ್ರ ನಂಬಲಿಲ್ಲ. ನೆಲಕ್ಕೆ ಟೇಪು ಅಂಟಿಸಿ, ಪಕ್ಕದ ಮನೆಯಿಂದ ವಿಜಯಮ್ಮನನ್ನೇ ಕರೆತಂದಳು.

"ಅಜ್ಜಿ, ಇದರೊಳಗೆ ಟರ್ನ್ ಮಾಡಿ."

ಚಕ್ರ ಟೇಪು ದಾಟಿತು. ನಾಲ್ಕಡಿಗೂ ದಾಟಿತು. ಐದಡಿಗೆ ಕುರ್ಚಿ ಆರಾಮಾಗಿ ತಿರುಗಿತು. ಹನ್ನೆರಡೂ ಐದೂ ಹದಿನೇಳು, ಒಂದಡಿ ಮಿಕ್ಕಿತು. ಮಕ್ಕಳು ಎರಡೆರಡು ಸಲ ಕೂಡಿ ನೋಡಿದರು.

ಗುರುದತ್ತರು ಜೇಬಿನ ಮೇಲೆ ಕೈಯಿಟ್ಟುಕೊಂಡರು. ಮನೆಯಷ್ಟು ದೊಡ್ಡ ಟ್ಯಾಂಕುಗಳ ಅಳತೆ ಬಲ್ಲವರಿಗೆ ಒಂದು ಕುರ್ಚಿ ತಿರುಗುವ ಅಳತೆ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಹಬ್ಬದ ದಿನ ವಿಜಯಮ್ಮ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು, ತಮ್ಮ ಕೈಯಿಂದಲೇ ಚಕ್ರ ನೂಕುತ್ತಾ ಏರಿದರು. ತಿರುವಿನಲ್ಲಿ ನಿಂತರು. ಉಸಿರು ಜೋರಾಗಿತ್ತು. ಗುರುದತ್ತರು ತಡೆಯಲಾರದೆ ಮುಂದೆ ಹೆಜ್ಜೆಯಿಟ್ಟರು.

ಇಶಾ ಅವರ ತೋಳು ಹಿಡಿದಳು. "ಬೇಡ ಅಂಕಲ್. ಜಾಗ ಸಾಕಷ್ಟಿದೆ."

ವಿಜಯಮ್ಮ ಸುಧಾರಿಸಿಕೊಂಡು ಕುರ್ಚಿ ತಿರುಗಿಸಿದರು. ಉಳಿದ ಹನ್ನೆರಡಡಿಯನ್ನೂ ಏರಿ ಮೈಕು ಹಿಡಿದರು.

"ಗುರುದತ್ತ, ಸೊಂಟ ಹೇಗಿದೆಯಪ್ಪ?"

ಸಭೆಯೆಲ್ಲ ನಕ್ಕಿತು. ಹಾಡು ಶುರುವಾಯಿತು. ಗುರುದತ್ತರು ಕಣ್ಣೊರೆಸಿಕೊಂಡು ಇಶಾಳ ಪಕ್ಕ ಕೂತರು. ಬಾಯಿ ಮುಚ್ಚಿಕೊಂಡು ಕೂರುವುದು ಅಂದು ಅವರಿಗೆ ಕಷ್ಟವಾಗಲಿಲ್ಲ.