ಒಂಬೈನೂರು ಗ್ರಾಂ

ಉಪ್ಪು ಹದವಾಗಿದೆ, ಕಾಳುಮೆಣಸು ಇನ್ನೊಂದು ಚಿಟಿಕೆ ಬೇಕಿತ್ತೇನೋ, ಅಂದುಕೊಳ್ಳುತ್ತಿರುವಾಗಲೇ ಯದ್ವಿಗಾಳ ಹೆಬ್ಬೆರಳು ಬಾಯೊಳಗೇ ನಿಂತುಬಿಟ್ಟಿತು — ಅಯ್ಯೋ ದೇವರೇ, ಮಾಂಸ, ಅದೂ ಶುಭ ಶುಕ್ರವಾರ, ಶುಕ್ರವಾರ ಹಾಳಾಗಲಿ, ಹರಕೆ, ಹತ್ತೊಂಬತ್ತು ದಿನದ ಹರಕೆ, ತಿಂಗಳು ತುಂಬದೆ ಹುಟ್ಟಿದ ಮೊಮ್ಮಗಳು ಹಾನ್ಯಾ ಗಂಟಲ ನಳಿಕೆಯಿಲ್ಲದೆ ಉಸಿರಾಡುವ ತನಕ ಮಾಂಸ ನನ್ನ ನಾಲಿಗೆ ಮುಟ್ಟುವುದಿಲ್ಲ ತಾಯೇ, ಅಂತ ಮಾತೆ ಮರಿಯಳ ಪಟದ ಮುಂದೆ ಮಂಡಿಯೂರಿ ಹೇಳಿದ್ದು, ಈಗ ನೋಡು, ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ರುಚಿ ನೋಡಿದ ಕೈ, ಹುಟ್ಟುಗುಣ ಸುಟ್ಟರೂ ಹೋಗದು, ತಾನಾಗಿಯೇ ಬಾಯಿಗೆ ಹೋಯಿತು — ನುಂಗಿದೆನೇ, ಇಲ್ಲ, ಉಗುಳು, ಮತ್ತೊಮ್ಮೆ ಉಗುಳು, ಬಾಯಿ ಮುಕ್ಕಳಿಸು, ಆದರೂ ಉಪ್ಪು ನಾಲಿಗೆಯ ಬುಡ ಬಿಡುತ್ತಿಲ್ಲ, ಗಂಟೆ ಹತ್ತೂಕಾಲು, ಅಲ್ಲಿ ಝೆಶುಫ್ ಪಟ್ಟಣದ ಆಸ್ಪತ್ರೆಯಲ್ಲಿ ಇದೇ ಹೊತ್ತಿಗೆ, ಹತ್ತು ಗಂಟೆ ಮೇಲೆ ನಳಿಕೆ ತೆಗೀತಾರಮ್ಮ, ತಾನೇ ಉಸಿರಾಡ್ತಾಳಾ ನೋಡ್ತಾರಂತೆ, ಆಡ್ಲಿಲ್ಲ ಅಂದ್ರೆ ಏನೋ ರಾದೆಕ್, ಅಂತ ನಿನ್ನೆ ಕೇಳಿದ್ದಕ್ಕೆ ಮಗ, ಡಾಕ್ಟರು ಕರೀತಿದಾರಮ್ಮ ಅಂತ ಫೋನಿಟ್ಟಿದ್ದ.

ಕೈ ನಿಲ್ಲಿಸಬಾರದು, ಕೈ ನಿಂತರೆ ತಲೆ ಓಡುತ್ತದೆ, ನಾದು, ತುಂಡುಗಳು ಅಂಗೈಗೆ ಅಂಟುವ ತನಕ ನಾದಬೇಕು, ಇಲ್ಲದಿದ್ದರೆ ನಾಳಿದ್ದು ಈಸ್ಟರಿಗೆ ಚಾಕು ಇಟ್ಟ ಕೂಡಲೇ ಹಂದಿಮಾಂಸದ ಹ್ಯಾಮು ಪುಡಿಪುಡಿ, ತುಂಬು ಹ್ಯಾಮು ಒತ್ತುವ ಸ್ಪ್ರಿಂಗಿನ ಡಬ್ಬಿಗೆ, ಮುಷ್ಟಿಯಿಂದ ಅದುಮು, ಒಳಗೆ ಗಾಳಿ ಉಳಿಯಬಾರದು — ಗಾಳಿ, ಅಲ್ಲೊಂದು ಜೀವ ಗುಟುಕು ಗಾಳಿಗೆ ಒದ್ದಾಡುತ್ತಿದ್ದರೆ ಇಲ್ಲಿ ಅಜ್ಜಿ ಗಾಳಿ ಹೊರಗೆ ಹಾಕುತ್ತಿದ್ದಾಳೆ, ಥೂ ನನ್ನ ಜನ್ಮಕ್ಕೆ — ಈ ಸಲ ಹ್ಯಾಮು ಬೇಡ ಕಣೋ ರಾದೆಕ್ ಅಂದಿದ್ದಳಲ್ಲ ತಾನೇ, ಮಾಡಮ್ಮ, ಯಾವಾಗ್ಲೂ ಮಾಡೋ ಹಾಗೆ ಮಾಡು, ಬುಟ್ಟೀಲಿಟ್ಟು ಶನಿವಾರ ಚರ್ಚಲ್ಲಿ ಆಶೀರ್ವಾದ ಮಾಡಿಸ್ಕೊಂಡು ಬಾ, ನೀನು ಮಾಡ್ಲಿಲ್ಲಾಂದ್ರೆ ಸಿಲ್ವಿಯಾ ಏನಂದ್ಕೋತಾಳೆ, ಅತ್ತೇನೂ ಆಸೆ ಬಿಟ್ರು ಅಂತಾಳೆ. ಸರಿ, ಮೊನ್ನೆ ಉಪ್ಪು ಹಾಕುವ ಮುಂಚೆ ಮಾಂಸ ತೂಗಿದಳು, ತಟ್ಟೆಯ ಮೇಲೆ ನಸುಗೆಂಪು ತುಂಡುಗಳು, ತಕ್ಕಡಿಯ ಮುಳ್ಳು ಅಲ್ಲಾಡಿ ಅಲ್ಲಾಡಿ ನಿಂತಿತು, ಒಂಬೈನೂರು, ಹಾನ್ಯಾ ಹುಟ್ಟಿದಾಗಿನ ತೂಕ, ಅಷ್ಟೇ, ಒಂದು ಗ್ರಾಂ ಹೆಚ್ಚಿಲ್ಲ ಕಡಿಮೆಯಿಲ್ಲ, ಮೊಟ್ಟೆ ಕೊಡಲು ಬಂದ ಪಕ್ಕದ ಮನೆಯ ಪಾವ್ಲಿಕೋವಾ, ಏನೇ ಇದು, ಸತ್ತ ಹಂದಿಗೂ ಅಳ್ತಿದೀಯಾ, ಅಂದಳು, ಆಮೇಲೆ ಮುಳ್ಳು ನೋಡಿದಳು, ಕೂಸಿನ ತೂಕ ಅವಳಿಗೂ ಗೊತ್ತು, ಇನ್ನೊಂದು ದೊಡ್ಡ ತುಂಡು ಎತ್ತಿ ತಟ್ಟೆಗೆ ಹಾಕಿದಳು, ಬಾಯಿಬಡುಕಿ, ಒಳ್ಳೆಯವಳು.

ಮುಚ್ಚಳ ಒತ್ತು, ಸ್ಪ್ರಿಂಗು ಒದೆಯುತ್ತದೆ, ಎರಡೂ ಕೊಂಡಿ ಬೀಳಬೇಕು, ಒಂದು ಬಿತ್ತು, ಇನ್ನೊಂದು ಜಾರಿತು, ನಾನು ನೆಕ್ಕಿದ್ದಕ್ಕೆ ಆ ಕೂಸಿಗೆ ಶಿಕ್ಷೆ ಕೊಡುವಷ್ಟು ಸಣ್ಣವನಾ ನೀನು ದೇವರೇ, ಕೊಡಬೇಡಪ್ಪ, ನನಗೆ ಕೊಡು, ಈ ಬೆರಳು ತಗೋ — ಫೋನು. ಹತ್ತು ಐವತ್ತು. ಜಿಡ್ಡುಗೈಯಲ್ಲಿ ಎರಡು ಸಲ ಜಾರಿತು, ಆ ಕಡೆ ಅಳು, ರಾದೆಕ್ ಅಳುತ್ತಿದ್ದಾನೆ, ಹೇಳೋ, ಏನಾಯ್ತು ಹೇಳೋ, ಅಮ್ಮಾ, ತಾನೇ ಉಸಿರಾಡ್ತಿದಾಳೆ, ಯಾವಾಗಿಂದ, ಹತ್ತೂವರೆಯಿಂದ, ಕಿರುಚಿದ್ಲು ಕೂಡ, ಬೆಕ್ಕಿನ ಮರಿ ಥರ, ಹತ್ತೂವರೆ, ಅಂದರೆ ಹರಕೆ ಮುರಿದ ಮೇಲೆ, ದೇವರು ಈ ಕಡೆ ನೋಡಲೇ ಇಲ್ಲ, ಹತ್ತೊಂಬತ್ತು ದಿನ ಮಾಂಸ ಬಿಟ್ಟು ಕೂತವಳನ್ನೂ ನೋಡಲಿಲ್ಲವೇ ಹಾಗಾದರೆ, ನೋಡದಿದ್ದರೆ ಬೇಡ, ಉಸಿರಾಡುತ್ತಿದ್ದಾಳೆ — ತೂಕ ಎಷ್ಟೋ, ಬೆಳಗ್ಗೆ ಸಾವಿರದ ಇಪ್ಪತ್ತು ಅಂದ್ರಮ್ಮ, ನಾನು ಎತ್ಕೋಬಹುದೇನೋ, ಇಲ್ಲಮ್ಮ, ನಮ್ಮಿಬ್ರನ್ನ ಬಿಟ್ಟು ಯಾರ್ನೂ ಒಳಗೆ ಬಿಡಲ್ಲ, ಇನ್ನೂ ತಿಂಗಳಾದ್ರೂ ಬೇಕು.

ತಿಂಗಳು. ಡಬ್ಬಿ ಹಾಗೇ ಇದೆ, ಒಂದು ಕೊಂಡಿ ಬಿದ್ದಿಲ್ಲ, ಇರಲಿ, ಮೇಜಿನ ಮೇಲೆ ತಕ್ಕಡಿ, ಬರಿದಾದ ತಟ್ಟೆ, ಅವಳು ಕೈ ತೊಳೆಯಲಿಲ್ಲ, ಅಂಗೈಯನ್ನು ತಟ್ಟೆಯ ಮೇಲಿಟ್ಟು ಮೆಲ್ಲಗೆ ಒತ್ತಿದಳು, ಮುಳ್ಳು ಏಳುತ್ತಿದೆ, ಐನೂರು, ಎಂಟುನೂರು, ಒಂಬೈನೂರು, ಅಲ್ಲಿ ನಿಲ್ಲಬೇಡ, ಇನ್ನೂ, ಇನ್ನೊಂಚೂರು, ಸಾವಿರದ ಇಪ್ಪತ್ತು — ಇಷ್ಟು, ಇಷ್ಟೇ ಭಾರ ನೀನು, ಬಂಗಾರ, ಕೈ ಕದಲಬಾರದು, ಮುಳ್ಳು ಅಲ್ಲೇ, ಸಾವಿರದ ಇಪ್ಪತ್ತು, ಅಲ್ಲೇ