ಅಹಲ್ಕಾರರ ಬೆನ್ನು

ನನ್ನ ಗಂಡನ ಹೆಸರು ಕಲ್ಯಾಣಪ್ಪ. ಹೆಂಡತಿ ಗಂಡನ ಹೆಸರು ಹೇಳಬಾರದು ಎನ್ನುವವರು ಇಲ್ಲಿಗೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ. ನಿಜಾಮರ ಕಾಲದಲ್ಲಿ ಅವನು ತಾಂಡೂರಿನ ಕಚೇರಿಯೊಂದರಲ್ಲಿ ಅಹಲ್ಕಾರನಾಗಿದ್ದ, ಅಂದರೆ ಗುಮಾಸ್ತ. ಇಡೀ ದಿನ ಇನ್ನೊಬ್ಬರ ಅರ್ಜಿಗಳನ್ನು ಉರ್ದುವಿನಲ್ಲಿ ನಕಲು ಮಾಡುವುದು ಅವನ ಕೆಲಸ. ಆದರೆ ಶೇರ್ವಾನಿಯ ಗುಂಡಿ ಹಾಕಿ, ರುಮಾಲು ಸುತ್ತಿ ಓಣಿಯಲ್ಲಿ ನಡೆದನೆಂದರೆ ಇಡೀ ಸಂಸ್ಥಾನವನ್ನು ತಾನೊಬ್ಬನೇ ಹೊತ್ತವನ ಹಾಗೆ ನಡೆಯುತ್ತಿದ್ದ. ಆ ಶೇರ್ವಾನಿಯ ಒಳಗೆ ಏನು ತುಂಬಿದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಕಫ ತುಂಬಿತ್ತು.

ಚಿಕ್ಕಂದಿನಲ್ಲಿ ಬಂದ ನಾಯಿಕೆಮ್ಮು ಅವನ ಪುಪ್ಪುಸವನ್ನು ಕೆಡಿಸಿಟ್ಟು ಹೋಗಿತ್ತು. ಮದುವೆಯಾದ ಮೂರನೇ ವರ್ಷ ಜ್ವರ ಬಂದು, ಬಾಯಿಂದ ಕೆಟ್ಟ ವಾಸನೆ ಹೊಡೆದು, ಉಗುಳಿನಲ್ಲಿ ನೆತ್ತರು ಕಂಡಾಗ ರೈಲು ಹತ್ತಿಸಿ ಶಹರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ದವಾಖಾನೆಯ ಮುದುಕ ಡಾಕ್ಟರರು ಬೆನ್ನಿಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ಇದು ಕ್ಷಯವಲ್ಲ, ಉಸಿರಿನ ಕೊಳವೆಗಳು ಕೆಳಗಡೆ ಹಿಗ್ಗಿ ಚೀಲದ ಹಾಗಾಗಿವೆ, ಕಫ ಅಲ್ಲಿ ನಿಂತು ಕೊಳೆಯುತ್ತದೆ, ತಾನಾಗಿ ಮೇಲೆ ಬರುವುದಿಲ್ಲ, ಇದಕ್ಕೆ ಔಷಧಿಯಿಲ್ಲ ಎಂದರು. ಇರುವುದು ಒಂದೇ ದಾರಿ. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತಲೆ ಕೆಳಗೆ, ಸೊಂಟ ಮೇಲೆ ಮಾಡಿ ಬೋರಲು ಮಲಗಬೇಕು. ಇನ್ನೊಬ್ಬರು ಬೆನ್ನಿನ ಮೇಲೆ ಬಡಿದು ಆ ಕಫವನ್ನು ಸಡಿಲಿಸಬೇಕು. ಮೂರು ದಿನ ತಪ್ಪಿಸಿದರೆ ಜ್ವರ, ಹತ್ತು ದಿನ ತಪ್ಪಿಸಿದರೆ ತನ್ನ ಕಫದಲ್ಲಿ ತಾನೇ ಮುಳುಗಿ ಸಾಯುತ್ತಾನೆ ಎಂದು ನನಗೆ ನೇರವಾಗಿ ಹೇಳಿದರು.

ನರ್ಸಮ್ಮ ಒಬ್ಬರು ನನ್ನ ಅಂಗೈ ಹಿಡಿದು ಕಲಿಸಿದರು. ನೀರು ಮೊಗೆಯುವಾಗ ಮಾಡುವಂತೆ ಅಂಗೈ ಬಗ್ಗಿಸಬೇಕು. ಚಟ್ ಎಂದು ಸದ್ದು ಬಂದರೆ ತಪ್ಪು, ಡಬ್ ಎಂದು ಬಂದರೆ ಸರಿ. ಬೆನ್ನುಮೂಳೆಯ ಮೇಲೆ ಬಡಿಯಬಾರದು, ಪಕ್ಕೆಲುಬಿನಿಂದ ಕೆಳಗೆ ಇಳಿಯಬಾರದು. ಸರಿಯಾಗಿ ಬಡಿದರೆ ಎಳೆಗೂಸಿಗೂ ನೋವಾಗುವುದಿಲ್ಲ. ಎರಡು ದಿನದಲ್ಲಿ ನನಗೆ ಕೈ ಕುದುರಿತು. ನನ್ನ ಗಂಡನಿಗೆ ಮಾತ್ರ ಆ ಎರಡೂ ದಿನ ಪಕ್ಕದ ಹಾಸಿಗೆಯವರು ತನ್ನ ರುಮಾಲಿಲ್ಲದ ಬೋಳುತಲೆ ನೋಡಿದರು ಎಂಬುದೇ ದೊಡ್ಡ ಚಿಂತೆಯಾಗಿತ್ತು.

ಊರಿಗೆ ಬಂದು ಹೊರಸಿನ ಕಾಲ್ದೆಸೆಗೆ ಎರಡೆರಡು ಹಾಸುಗಲ್ಲಿನ ತುಂಡು ಇಟ್ಟು ಎತ್ತರಿಸಿದೆ. ತಲೆಯ ಕೆಳಗೆ, ನೆಲದ ಮೇಲೆ ಉಗುಳಲು ಒಂದು ಪೀಕದಾನಿ ಇಟ್ಟೆ. ಅವನು ಬೋರಲಾದ. ಕೊರಳಲ್ಲಿದ್ದ ಲಿಂಗದ ಕರಡಿಗೆ ಜಾರಿ ಗದ್ದಕ್ಕೆ ತಾಗಿದಾಗ ಅದನ್ನು ಎಡಗೈಯಲ್ಲಿ ಹಿಡಿದುಕೊಂಡ. ನಾನು ಬಡಿಯತೊಡಗಿದೆ. ಕಾಲು ಗಂಟೆಯಲ್ಲಿ ಅರ್ಧ ಪೀಕದಾನಿ ತುಂಬಿತು. ಎದ್ದು ಕೂತವನ ಮುಖಕ್ಕೆ ಬಣ್ಣ ಬಂದಿತ್ತು. ವರ್ಷಗಳ ನಂತರ ಅವನು ಶಿಳ್ಳೆಯಿಲ್ಲದ ಉಸಿರು ಬಿಟ್ಟದ್ದನ್ನು ಅಂದು ಕೇಳಿದೆ, ನಿಜವಾಗಿ ಸಂತೋಷಪಟ್ಟೆ. ಆಗ ನಾನು ಅಷ್ಟು ದಡ್ಡಿಯಾಗಿದ್ದೆ.

ಅಂದೇ ಅವನು ಕಚೇರಿಗೆ ಹೊರಟಾಗ ಪಕ್ಕದ ಮನೆಯ ವೀರಪ್ಪ ಕಟ್ಟೆಯ ಮೇಲಿಂದ ಕೇಳಿದ. ವೀರಪ್ಪನದು ತೊಗರಿ ವ್ಯಾಪಾರ. ಬೇರೆಯವರ ಮನೆಯ ಸದ್ದು ಕೇಳುವುದು ಅವನ ಇನ್ನೊಂದು ವ್ಯಾಪಾರ.

"ಏನ್ರಿ ಅಹಲ್ಕಾರ್ ಸಾಬ್, ಮುಂಜಾನಿ ಮುಂಜಾನಿ ಡಬ್ ಡಬ್ ಸಪ್ಪಳ?"

ನಾನು ಬಾಗಿಲ ಹಿಂದೆಯೇ ಇದ್ದೆ. ಕಫ ಅಂತ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೆಂಡತಿಯ ಮುಂದೆ ತಲೆ ಕೆಳಗೆ ಮಾಡಿ ಬಿದ್ದುಕೊಂಡಿದ್ದೆ, ಅವಳು ಬೆನ್ನಿಗೆ ಬಡಿದಳು ಎಂದು ಒಬ್ಬ ಅಹಲ್ಕಾರ ಹೇಳುವುದುಂಟೇ? ಮೀಸೆಯ ಮೇಲೆ ಬೆರಳಾಡಿಸಿ ನಕ್ಕ.

"ಏನಿಲ್ಲ ವೀರಪ್ಪ, ಹೆಂಡ್ತಿಗಿ ಸ್ವಲ್ಪ ಬುದ್ಧಿ ಹೇಳಾಕತ್ತಿದ್ದೆ."

"ಹಂಗ ಇರಬೇಕ್ರಿ ಗಂಡಸು ಅಂದ್ರ!" ಎಂದ ವೀರಪ್ಪ.

ಸಂಜೆ ಕಚೇರಿಯಿಂದ ಬಂದವನು ಬಹಳ ಉಲ್ಲಾಸದಲ್ಲಿದ್ದ. ನನ್ನನ್ನು ಕರೆದು ಕೂರಿಸಿಕೊಂಡು ಮೆತ್ತಗೆ ಹೇಳಿದ. "ನಾಳಿಂದ ಬಡಿಯೋವಾಗ ಸ್ವಲ್ಪ ಕೂಗು."

"ಯಾಕ್ ಕೂಗಬೇಕ್ರಿ?"

"ಬರೇ ಸಪ್ಪಳ ಕೇಳಿದ್ರ ಮಂದಿ ಏನಾರ ತಿಳ್ಕೋತಾರ. ಕಫ ಅಂತ ಗೊತ್ತಾದ್ರ ಕ್ಷಯ ಅಂತಾರ, ನೌಕರಿ ಹೋಗ್ತದ. ನೀ ಕೂಗಿದ್ರ ಯಾರೂ ಏನೂ ಕೇಳಂಗಿಲ್ಲ."

ನೌಕರಿಯ ಮಾತು ಸುಳ್ಳು. ಕ್ಷಯವಲ್ಲ ಎಂದು ಡಾಕ್ಟರರು ಮುದ್ರೆ ಒತ್ತಿಕೊಟ್ಟ ಕಾಗದ ಅವನ ಟ್ರಂಕಿನಲ್ಲೇ ಇತ್ತು. ಆದರೂ ಒಪ್ಪಿದೆ. ನಾನು ಹಟ ಮಾಡಿದರೆ ಅವನು ಮಲಗುವುದೇ ಇಲ್ಲ, ಮಲಗದಿದ್ದರೆ ಸಾಯುತ್ತಾನೆ. ಅವನ ಉಸಿರು ನನ್ನ ಎರಡು ಅಂಗೈಯಲ್ಲಿತ್ತು ಎಂಬುದು ಸುಳ್ಳಲ್ಲವಲ್ಲ.

ಹೀಗೆ ನಾಲ್ಕು ವರ್ಷ ದಿನಾ ಬೆಳಿಗ್ಗೆ ನಾನು ಗಂಡನ ಬೆನ್ನಿಗೆ ಬಡಿಯುತ್ತ "ಅಯ್ಯೋ ಸತ್ತೆನ್ರೋ, ಬಿಡ್ರೀ, ತಪ್ಪಾತ್ರೀ" ಎಂದು ಕೂಗಿದೆ. ಅವನು ತಲೆ ಕೆಳಗೆ ಮಾಡಿಕೊಂಡು ಪೀಕದಾನಿಗೆ ಉಗುಳುತ್ತ ನನ್ನ ಕೂಗಿಗೆ ತಪ್ಪು ತೆಗೆಯುತ್ತಿದ್ದ. "ನಿನ್ನಿ ಕಮ್ಮಿ ಇತ್ತು. ತಪ್ಪಾತು ಅಂಬೋದು ಗ್ವಾಡಿ ಆಚಿ ಕೇಳಬೇಕು." ಕೆಮ್ಮು ಮೇಲೆ ಬಂದಾಗ ನನ್ನ ಕೂಗು ಜೋರಾಗಬೇಕು, ಅವನ ಕೆಮ್ಮು ಅದರಲ್ಲಿ ಮುಚ್ಚಿಹೋಗಬೇಕು. ನಾಟಕದ ಮಾಸ್ತರನೂ ಇಷ್ಟು ಕಾಡಿಸಲಾರ. ಆಮೇಲೆ ನಾನು ಪೀಕದಾನಿ ಎತ್ತಿ ನೋಡುತ್ತಿದ್ದೆ. ಮೇಲೆ ನೊರೆ, ನಡುವೆ ನೀರು, ತಳದಲ್ಲಿ ಹಸಿರು ಗಸಿ. ಗಸಿ ಹೆಚ್ಚಾದರೆ ಸಂಜೆಯೂ ಒಮ್ಮೆ ಬಡಿಯಬೇಕು, ಕೂಗಬೇಕು.

ಆ ಸಂಜೆಯ ಕೂಗಿನಿಂದ ಅವನ ಮರ್ಯಾದೆ ಇಮ್ಮಡಿಯಾಯಿತು. ಜಗಳ ಬಿಡಿಸಲು, ಸಂಬಂಧ ಕುದುರಿಸಲು ಓಣಿಯ ಗಂಡಸರು ಅವನನ್ನೇ ಕರೆಯತೊಡಗಿದರು. ಮನೆಯನ್ನು ಹದ್ದುಬಸ್ತಿನಲ್ಲಿ ಇಟ್ಟವನು ಎಂದು ಹೊಗಳಿದರು. ನಿಜ ಹೇಳುತ್ತೇನೆ, ಅವನು ಅಲ್ಲಿಯವರೆಗೆ ಒಂದು ದಿನವೂ ನನ್ನ ಮೇಲೆ ಕೈ ಎತ್ತಿರಲಿಲ್ಲ. ಎತ್ತುವಷ್ಟು ಉಸಿರು ಎಲ್ಲಿತ್ತು? ಮಾಡದ ಪಾಪಕ್ಕೆ ಮೀಸೆ ತಿರುವಿದ ಗಂಡಸನ್ನು ನಾನು ಅವನೊಬ್ಬನನ್ನೇ ನೋಡಿದ್ದು.

ಹೆಂಗಸರೇನು ಕಡಿಮೆಯೇ? ವೀರಪ್ಪನ ಹೆಂಡತಿ ಬಂಡಮ್ಮ ಗೋಡೆಯ ಮೇಲಿಂದ ಅರಿಶಿನದ ಬಟ್ಟಲು ಚಾಚುತ್ತಿದ್ದಳು. "ಹಚ್ಚಿಕೋ ತಂಗಿ, ಬಾವು ಇಳೀತದ. ಆದ್ರ ದಿನಾ ಏನ್ ತಪ್ಪು ಮಾಡ್ತೀ ನೀ? ಸಾರಿಗಿ ಉಪ್ಪು ನೋಡಿ ಹಾಕಬಾರದೇನು?" ಎನ್ನುತ್ತಿದ್ದಳು. ಅರಿಶಿನ ತೆಗೆದುಕೊಂಡು ಪಲ್ಯಕ್ಕೆ ಹಾಕುತ್ತಿದ್ದೆ. ನಾಲ್ಕು ವರ್ಷದಲ್ಲಿ ಒಬ್ಬರೂ ನಮ್ಮ ಬಾಗಿಲು ಬಡಿಯಲಿಲ್ಲ. ಗೋಡೆ ಅಷ್ಟೇನೂ ದಪ್ಪವಿರಲಿಲ್ಲ.

ಬಂದವಳು ಪೋಚಮ್ಮ. ಹತ್ತಿರದ ಯಾಲಾಲ ಊರಿನವಳು, ನಮ್ಮ ಓಣಿ ಗುಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆಯೇ ನನ್ನ ಕೂಗು ಕೇಳಿ, ಉದ್ದ ಕಸಬರಿಗೆಯನ್ನು ಕೋಲಿನ ಹಾಗೆ ಹಿಡಿದು, ಅಗುಳಿ ಹಾಕಿರದ ಕದ ತಳ್ಳಿ, ಅವಳ ಜನ ಮೆಟ್ಟಿಲೂ ಹತ್ತಬಾರದು ಎನ್ನುವ ಮನೆಯ ಎರಡು ಹೊಸ್ತಿಲು ದಾಟಿ ಒಳಗೆ ನುಗ್ಗಿದಳು.

"ಬಿಡೋ ಆಕಿನ! ಕೊಲ್ತೀ ಏನೋ?" ಎಂದು ಅಬ್ಬರಿಸಿದವಳು ಹಾಗೆಯೇ ನಿಂತಳು. ಹೊರಸಿನ ಮೇಲೆ ಅಹಲ್ಕಾರ್ ಸಾಹೇಬರು ಅಂಡು ಮೇಲೆ ಮಾಡಿ ಬಿದ್ದಿದ್ದರು. ಧೋತರ ಮೊಳಕಾಲಿಗೆ ಸರಿದಿತ್ತು. ಬಡಿಯುತ್ತಿದ್ದವಳೂ ನಾನೇ, ಕೂಗುತ್ತಿದ್ದವಳೂ ನಾನೇ.

"ಇದೇನ್ರೀ ಅವ್ವಾರೆ?"

"ಕಫ. ಬಡದ್ರನೇ ಮ್ಯಾಲ ಬರ್ತದ," ಎಂದೆ.

ಪೋಚಮ್ಮ ನಗಲಿಲ್ಲ. ಪೀಕದಾನಿಯನ್ನು ನೋಡಿದಳು, ತಲೆಯಾಡಿಸಿದಳು. "ನಮ್ಮ ಮಾವಗೂ ಎದಿ ತುಂಬತಿತ್ರಿ, ಕಲ್ಲಿನ ಖಣಿ ದೂಳಿಗಿ. ಹಿಂಗ ಬಡಿಯೋದು ಗೊತ್ತಿದ್ರ ಎರಡು ವರ್ಷ ಬದುಕತಿದ್ದನೇನೋ," ಎಂದು ಹೊರಗೆ ಹೋದಳು. ಇಷ್ಟು ನೇರವಾಗಿ ಆ ಕಾಯಿಲೆಯನ್ನು ನೋಡಿದ ಇನ್ನೊಬ್ಬರನ್ನು ತಾಂಡೂರಿನಲ್ಲಿ ನಾನು ಕಂಡಿರಲಿಲ್ಲ. ನನಗೆ ಅಳು ಬಂತು, ಈ ಸಲ ನಿಜವಾದದ್ದು.

ನನ್ನ ಗಂಡ ಎದ್ದವನೇ ಹೊಸ್ತಿಲಿಗೆ ಗಂಜಲ ಹಾಕು ಎಂದ. ನಾನು ಹಾಕಲಿಲ್ಲ. ಆಮೇಲೆ ಪೋಚಮ್ಮ ಓಣಿಗೆಲ್ಲ ಹೇಳಿಬಿಡುತ್ತಾಳೆ ಎಂಬ ಭಯ ಅವನನ್ನು ಹಿಡಿಯಿತು. ಕಚೇರಿಯಲ್ಲೂ ಅದೇ ಯೋಚಿಸಿದ್ದಾನೆಂದು ಕಾಣುತ್ತದೆ. ಸಂಜೆ ಬಂದವನು ಶೇರ್ವಾನಿ ಕೂಡ ಬಿಚ್ಚದೆ, ಬೀದಿಬಾಗಿಲು ಪೂರ್ತಿ ತೆರೆದು, ನನ್ನನ್ನು ಅಂಗಳಕ್ಕೆ ಕರೆದ. ಕಟ್ಟೆಯ ಮೇಲೆ ವೀರಪ್ಪ ಮತ್ತೆ ಮೂರು ಜನ ಕೂತಿದ್ದರು. ಅವರು ನೋಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ನನ್ನ ಕೆನ್ನೆಗೆ ಹೊಡೆದ.

ಅದು ಚಟ್ ಎಂದು ಸದ್ದಾಯಿತು. ಬಾಯಿಯೊಳಗೆ ಹಲ್ಲು ತಾಗಿ ಉಪ್ಪುಪ್ಪಾಯಿತು. ನಾನು ಕೂಗಲಿಲ್ಲ. ಅವನು ನಾನು ಕೂಗುವುದನ್ನೇ ಕಾಯುತ್ತ ನಿಂತಿದ್ದ. ಅಷ್ಟರಲ್ಲಿ ಕೆಮ್ಮು ಬಂದು ಬಗ್ಗಿಕೊಂಡು ಒಳಗೆ ಹೋದ. ಕಟ್ಟೆಯ ಮೇಲಿನವರು ತೊಗರಿಯ ಮಾತು ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಹೊರಸಿನ ಮೇಲೆ ಬೋರಲು ಬಿದ್ದು "ಹ್ಞಾಂ, ಬಾ," ಎಂದ. ನಾನು ಹೋಗಿ ಬೀದಿಬಾಗಿಲಿನ ಎರಡೂ ಕದ ತೆರೆದು ಬಂದೆ. ನಡುಮನೆಯ ಬಾಗಿಲನ್ನೂ ತೆರೆದೆ. ಹೊರಸು ಓಣಿಗೆ ನೇರವಾಗಿ ಕಾಣುತ್ತಿತ್ತು.

"ಏ, ಏನ್ ಮಾಡಾಕತ್ತೀ?"

"ಇನ್ನ ನಾ ಕೂಗಂಗಿಲ್ರಿ. ಬಾಗಲಾ ಹಾಕಂಗಿಲ್ಲ. ಬಡಿ ಅಂದ್ರ ಹಿಂಗೇ ಬಡೀತೀನಿ. ಬ್ಯಾಡಂದ್ರ ಬಿಡ್ರಿ."

ದಡಬಡಿಸಿ ಎದ್ದು ಧೋತರ ಸರಿಮಾಡಿಕೊಂಡ. ಬೈದ, ತವರಿಗೆ ಕಳಿಸುತ್ತೇನೆ ಎಂದ. ಕಳಿಸಿದರೆ ಬಡಿಯುವವರು ಯಾರು ಎಂದು ಅವನಿಗೇ ಹೊಳೆದು ಬಾಯಿ ಮುಚ್ಚಿದ. ಆ ದಿನ ಹಾಗೆಯೇ ಕಚೇರಿಗೆ ಹೋದ. ಮರುದಿನ ವೈದ್ಯರಿಂದ ಆಡುಸೋಗೆಯ ಕಷಾಯ ತಂದು ಕುಡಿದ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ತಲೆ ಕೆಳಗೆ ಮಾಡಿ, ತನ್ನ ಕೈಯನ್ನು ತಾನೇ ಹಿಂದಕ್ಕೆ ತಿರುಚಿ ಬೆನ್ನಿಗೆ ಬಡಿದುಕೊಳ್ಳಲು ನೋಡಿದ. ಬಿರುಕಿನಲ್ಲಿ ನಾನು ನೋಡಿದೆ. ಅವನ ಕೈ ಅಂಡಿನವರೆಗೆ ಮಾತ್ರ ಹೋಗುತ್ತಿತ್ತು. ನಗು ತಡೆದುಕೊಳ್ಳಲು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಮೂರನೆಯ ದಿನ ಜ್ವರ ಏರಿತು. ಎದೆಯೊಳಗೆ ಗೊರಗೊರ ಸದ್ದು, ತುಟಿ ನೀಲಿ. ನಗು ನಿಂತಿತು. ನಾನೇ ಸೋತು ಬಾಗಿಲು ಹಾಕಿಬಿಡಲೇ ಎಂದು ಎರಡು ಸಲ ಎದ್ದೆ, ಎರಡು ಸಲವೂ ಕೆನ್ನೆ ಮುಟ್ಟಿಕೊಂಡು ಕೂತೆ. ಸಾಯಲಿ ಎಂದುಕೊಳ್ಳಲಿಲ್ಲ. ಆದರೆ ಅವನು ಬದುಕಬೇಕೆಂದಿದ್ದರೆ ಅದನ್ನು ಅವನೇ ಕೇಳಬೇಕಿತ್ತು, ಹಗಲಿನಲ್ಲಿ, ಬಾಗಿಲು ತೆರೆದು.

ನಾಲ್ಕನೆಯ ಬೆಳಿಗ್ಗೆ ಅವನು ಗೋಡೆ ಹಿಡಿದು ಬಂದ. ತೆರೆದ ಬಾಗಿಲನ್ನು ನೋಡಿದ, ಓಣಿಯನ್ನು ನೋಡಿದ. ರುಮಾಲು ತೆಗೆದಿಟ್ಟು, ಲಿಂಗವನ್ನು ಅಂಗೈಯಲ್ಲಿ ಹಿಡಿದು, ಬೋರಲಾದ. ಅವನ ಮರ್ಯಾದೆಯ ಆಯುಸ್ಸು ಮೂರು ದಿನ.

ನಾನು ಬಾಯಿ ಮುಚ್ಚಿ ಬಡಿಯತೊಡಗಿದೆ. ಡಬ್ ಡಬ್ ಡಬ್. ಇಪ್ಪತ್ತು ಸಲವೂ ಆಗಿರಲಿಲ್ಲ, ಹೊರಗೆ ಚಪ್ಪಲಿಗಳ ಸದ್ದಾಯಿತು. ವೀರಪ್ಪ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಓಡಿ ಬಂದ. ಅವನ ಹಿಂದೆ ಅಂಜಪ್ಪ, ಬಾಲರಾಜ, ಹೆಸರು ಹೇಳಲೂ ಬೇಡವೆನಿಸುವ ಇನ್ನೂ ಐದಾರು ಜನ. ನಾಲ್ಕು ವರ್ಷ ದಾರಿ ಕಾಣದ ಬಾಗಿಲಿನಲ್ಲಿ ಈಗ ಕಾಲಿಡಲು ಜಾಗವಿರಲಿಲ್ಲ.

"ಏ ತಾರಾಬಾಯಿ! ಗಂಡನ ಮ್ಯಾಲ ಕೈ ಮಾಡ್ತೀ ಏನ್?" ಎಂದು ವೀರಪ್ಪ ನನ್ನ ಮಣಿಕಟ್ಟು ಹಿಡಿದ. "ಜ್ವರದಾಗಿದ್ದಾನ ಅಂತ ನೋಡಿ ಸೇಡು ತೀರಿಸ್ಕೋತೀ?"

ಕಫ ಆಗಷ್ಟೇ ಸಡಿಲಾಗಿ ಗಂಟಲವರೆಗೆ ಬಂದಿತ್ತು. ಇನ್ನು ಹತ್ತು ಪೆಟ್ಟು ಬೇಕಿತ್ತು. ನನ್ನ ಗಂಡನ ಕತ್ತಿನ ನರಗಳು ಉಬ್ಬಿದವು, ಉಸಿರು ನಿಂತು ಕಾಲು ಝಾಡಿಸಿದ. ವೀರಪ್ಪನಿಗೆ ಕಾರಣ ಹೇಳುವುದು ನನ್ನ ಕೆಲಸವಾಗಿರಲಿಲ್ಲ. ಅವನೇ ನೆಲದ ಕಡೆಯಿಂದ ಕೈ ಎತ್ತಿ ವೀರಪ್ಪನ ಧೋತರ ಹಿಡಿದು ಎಳೆದ.

"ಬಿಡೋ... ಆಕಿಗಿ ಬಿಡು... ಹೊಡೀಲಿ."

ವೀರಪ್ಪ ಕೈಬಿಟ್ಟ. ನಾನು ಬಡಿದೆ. ಹೆಬ್ಬೆರಳಿನಷ್ಟು ದಪ್ಪದ ಹಸಿರು ಗಂಟು ಪೀಕದಾನಿಗೆ ಬಿತ್ತು. ಅದರ ಹಿಂದೆಯೇ ಮೂರು ದಿನದ ಕೊಳೆಯೆಲ್ಲ ಬಂತು. ಗಂಡಸರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನನ್ನ ಗಂಡ ಬಾಯಿ ತೆರೆದು ಉಸಿರು ಎಳೆದುಕೊಂಡ.

"ಕಫ ಬಡದು ತೆಗಿಯೋದಾ ಇದು?" ಎಂದು ವೀರಪ್ಪ ಕೊನೆಗೆ ಕೇಳಿದ. "ಹಂಗಾದ್ರ ಇಷ್ಟು ವರ್ಷ ದಿನಾ ಕೂಗತಿದ್ದದ್ದು?"

"ನಾನೇ," ಎಂದೆ. "ನಿಮಗ ಕೇಳಸ್ತಿತ್ತಲ್ರಿ?"

ವೀರಪ್ಪ ಬೇವಿನ ಕಡ್ಡಿಯನ್ನು ಬಾಯಿಂದ ತೆಗೆದು ಅದನ್ನೇ ನೋಡುತ್ತ ನಿಂತ. ಉಳಿದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ನಾನು ಗಂಡನನ್ನು ಬಲ ಮಗ್ಗುಲಿಗೆ ತಿರುಗಿಸಿ ಬೆನ್ನಿನ ಎಡಗಡೆ ಶುರುಮಾಡಿದೆ.