ಹೊಟ್ಟೆ ಕಟ್ಟುವ ಅರಿವೆ

ಉಸಿರು ಒಳಗೆಳೆದರೂ ಹೊಟ್ಟೆ ಒಳಗೆ ಹೋಗಲಿಲ್ಲ. ಹೋಗಬೇಕಾದ ಹೊಟ್ಟೆ ಯಾವಾಗಲೋ ಹೋಗಿತ್ತು. ಉಳಿದದ್ದು ಅದರ ಚರ್ಮ.

“ಇನ್ನಷ್ಟ ಎಳಕೋ ತಂಗೀ,” ಎಂದಳು ಮಾಯವ್ವ. ಹಳೆಯ ಇಳಕಲ್ ಸೀರೆಯನ್ನು ಉದ್ದಕ್ಕೆ ಮಡಚಿ ಸೌಂದರ್ಯಾಳ ನಡುವಿಗೆ ಸುತ್ತುತ್ತ, ಸುತ್ತಿಗೊಮ್ಮೆ ಮೊಣಕಾಲು ಕೊಟ್ಟು ಜಗ್ಗುತ್ತಿದ್ದಳು. ಬನಹಟ್ಟಿಯ ಆ ಓಣಿಯಲ್ಲಿ ಮೂವತ್ತು ವರ್ಷ ಬಾಣಂತಿಯರಿಗೆ ಎರೆದು, ಹೊಟ್ಟೆ ಕಟ್ಟಿ, ಹೊಗೆ ಕೊಟ್ಟ ಕೈ ಅದು. “ಹಡದ ಹೊಟ್ಟಿ ನಲವತ್ತ ದಿನದಾಗ ಕೂಡತೈತಿ. ಇದು ಹಡೀಲಾರದ ಹೊಟ್ಟಿ. ಇದಕ್ಕ ಎಷ್ಟ ದಿನ ಬೇಕಂತ ನನಗೂ ಗೊತ್ತಿಲ್ಲ ನೋಡು.”

ಹೊರಸಿನ ಕೆಳಗೆ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಅಜವಾನ ಚಟಪಟ ಎಂದಿತು.

ಸೌಂದರ್ಯಾ ಒಂದು ಕಾಲಕ್ಕೆ ನೂರಾ ಎಂಟು ಕಿಲೋ ಇದ್ದಳು. ಎರಡೂವರೆ ವರ್ಷ ನಸುಕಿನಲ್ಲಿ ಜಮಖಂಡಿ ರಸ್ತೆಯ ಮೇಲೆ ನಡೆದು, ಹೊತ್ತಿಗೆ ಒಂದೇ ರೊಟ್ಟಿಗೆ ನಿಂತು, ಐವತ್ತೊಂಬತ್ತಕ್ಕೆ ಇಳಿದಿದ್ದಳು. ಮಹಿಳಾ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳಿಗೆ ದಿನಾಂಕಗಳು ಮರೆಯುವುದಿಲ್ಲ. ಸ್ಟಾಫ್ ರೂಮಿನ ಕುರ್ಚಿಯ ಕೈಗಳ ನಡುವೆ ಸಲೀಸಾಗಿ ಕುಳಿತ ದಿನ. ಬಚ್ಚಲಲ್ಲಿ ಬಾಗಿದಾಗ ಹೊಟ್ಟೆಯ ಚರ್ಮ ಒದ್ದೆ ಅರಿವೆಯಂತೆ ತೊಡೆಯ ಮೇಲೆ ಬಿದ್ದ ದಿನ.

ಮಂದಿ ಛಂದ ಆದಿರಿ ಎಂದರು. ಅವಳು ಜಂಪರಿನ ತೋಳನ್ನು ಮೊಣಕೈ ದಾಟಿಸಿ ಹೊಲಿಸಿದಳು. ಹೊಟ್ಟೆಗೆ ತೋಳಿನ ಉಪಾಯ ನಡೆಯಲಿಲ್ಲ. ಸೀರೆಯೊಳಗೆ ಮಡಚಿ ಸಿಕ್ಕಿಸಿದರೆ ಐದು ತಿಂಗಳಂತೆ ಕಾಣುತ್ತಿತ್ತು. ಬೆಳಗಾವಿಯ ಡಾಕ್ಟರು ಕೊಯ್ದು ಹೊಲಿಯಬಹುದು ಎಂದಿದ್ದರು. ಕೊಯ್ಯುವುದೆಂದರೆ ತಾಯಿ ತಂಗೆವ್ವ ಬೆವೆತಳು. ಮಾಯವ್ವನನ್ನು ಕರೆಸಿದಳು. ಯಾರ ಮುಂದೂ ಆಡಬೇಡವೆಂದು ಆಣೆ ಹಾಕಿಸಿಕೊಂಡಳು.

ತಾಯಿಯ ತರ್ಕದಲ್ಲಿ ತಪ್ಪಿರಲಿಲ್ಲ. ಖಾಲಿಯಾದ ಹೊಟ್ಟೆಗೆ ಆ ಊರಿಗೆ ಗೊತ್ತಿದ್ದ ಮದ್ದು ಒಂದೇ. ಯಾಕೆ ಖಾಲಿಯಾಯಿತೆಂದು ಅರಿವೆ ಕೇಳುವುದಿಲ್ಲ.

ಇವತ್ತಿಗೆ ಹನ್ನೆರಡು ದಿನ. ನಾಲ್ಕು ಗಂಟೆಗೆ ಲೋಕಾಪುರದಿಂದ ಪರಮಾನಂದ ಬರುವವನಿದ್ದ. ಹೈಸ್ಕೂಲ್ ಮಾಸ್ತರ, ಹೆಂಡತಿ ತೀರಿ ನಾಲ್ಕು ವರ್ಷ. ಫೋಟೋ ಒಪ್ಪಿದ್ದ. ಮೂವತ್ನಾಲ್ಕು ವರ್ಷದಲ್ಲಿ ಸೌಂದರ್ಯಾಳನ್ನು ಯಾರಾದರೂ ಒಪ್ಪಿದ್ದು ಇದೇ ಮೊದಲು. ಅವನಿಗೆ ಹೇಳಿಬಿಡುವುದೆಂದು ಅವಳು ನಿರ್ಧರಿಸಿದ್ದಳು. ಮದುವೆಯಾದ ಮೇಲೆ ಕೋಣೆಯೊಳಗೆ ಒಬ್ಬ ಮನುಷ್ಯನ ಮುಖ ಬದಲಾಗುವುದನ್ನು ನೋಡುವುದಕ್ಕಿಂತ, ಹಗಲಲ್ಲಿ, ಚಹದ ಕಪ್ಪಿನ ಆಚೆ ನೋಡುವುದು ವಾಸಿ. ವಾಕ್ಯ ಸಿದ್ಧವಿತ್ತು. ‘ಜೋತು ಬಿದ್ದೈತಿ’ ಎನ್ನಬೇಕೋ ‘ಸಡಿಲ ಆಗೇತಿ’ ಎನ್ನಬೇಕೋ ಎಂದು ಎರಡು ದಿನ ತೂಗಿ, ಸಡಿಲವನ್ನು ಇಟ್ಟುಕೊಂಡಿದ್ದಳು.

“ಅವರ ಮುಂದ ಏನೇನರ ಹೇಳಬ್ಯಾಡ,” ಎಂದಳು ತಂಗೆವ್ವ.

“ಏನೇನೂ ಹೇಳೂದಿಲ್ಲ. ಒಂದ ಹೇಳತೇನಿ.”

“ಸೀರಿ ಒಳಗಿಂದು ಯಾರ ನೋಡತಾರ?”

“ಅವರ ನೋಡತಾರಲ್ಲ ಬೇ.”

ಮಾಯವ್ವ ನಕ್ಕಳು. ತಂಗೆವ್ವ ನಗಲಿಲ್ಲ.

ಪರಮಾನಂದ ಹೇಳಿದ ಹೊತ್ತಿಗೇ ಬಂದ. ಕಿವಿಯ ಮೇಲೆ ಕೂದಲು ನೆರೆತಿತ್ತು. ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿಟ್ಟ. ಅದು ಅವಳಿಗೆ ಹಿಡಿಸಿತು.

“ಬಸ್ ಲಗೂ ಸಿಕ್ತೇನ್ರಿ?”

“ಸಿಕ್ತರಿ. ಮುಧೋಳದಾಗ ಬದಲಿ ಮಾಡಿದೆ.” ಚಹ ಹಿಡಿದು ಅವಳತ್ತ ನೋಡಿದ. “ಬಾಳ ನೆಟ್ಟಗ ಕೂಡತೀರಿ.”

“ಕಾಲೇಜಿನಾಗ ರೂಢಿ ಆಗೇತ್ರಿ.”

ನಾಲ್ಕು ಸುತ್ತಿನ ಅರಿವೆ ಬಾಗಲು ಬಿಡುತ್ತಿರಲಿಲ್ಲ. ಮೊದಲ ಸುಳ್ಳು ಎಷ್ಟು ಸರಾಗವಾಗಿ ಬಂತೆಂದು ಅವಳು ಗಮನಿಸಿದಳು.

ಅವನು ಚಹ ಕುಡಿಯಲಿಲ್ಲ. ಮೂಗು ಎತ್ತಿ, ನಡುಮನೆಯ ಪರದೆಯ ಕಡೆ ನೋಡಿದ.

“ಮನ್ಯಾಗ ಬಾಣಂತಿ ಅದಾರೇನ್ರಿ?” ದನಿ ಇಳಿದಿತ್ತು. “ಈ ವಾಸನಿ ನಮ್ಮ ಮನ್ಯಾಗೂ ಇತ್ತು. ಒಂಬತ್ತ ದಿನ. ಆಮ್ಯಾಲ ಹೊಗಿ ಹಾಕಾಕ ಆಕಿನೂ ಇರಲಿಲ್ಲ, ಕೂಸೂ ಇರಲಿಲ್ಲ.”

ಸೌಂದರ್ಯಾ ಬಾಯಿ ತೆರೆದಳು. ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ತೆರೆಯಲಾರದು.

“ಬಾಜೂ ಮನ್ಯಾಗ್ರಿ,” ಪರದೆಯ ಹಿಂದಿನಿಂದ ತಂಗೆವ್ವ ಅಂದಳು. “ಮುತ್ತವ್ವನ ಸೊಸಿ ಹಡದಾಳ. ಹೊಗಿ ಇತ್ತಾಗ ಬರತೈತಿ.”

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಮುತ್ತವ್ವನೇ ಬಂದಳು. ಗೋಡೆಯಾಚೆ ಎಂಟು ಮಗ್ಗಗಳ ಒಡತಿ. ತಲೆಯ ಮೇಲೆ ಹತ್ತಿಯ ಧೂಳು, ಕೈಯಲ್ಲಿ ಸ್ಟೀಲ್ ಡಬ್ಬಿ.

“ತಂಗೆವ್ವಕ್ಕಾ, ಬಾಣಂತಿಗಂತ ಅಂಟಿನುಂಡಿ ತಂದೇನಿ. ಹನ್ನೆರಡ ದಿನ ಆತು, ಹೊಗಿ ನಮ್ಮ ಮಗ್ಗದ ಮನಿತನಾ ಬರಾಕತ್ತೈತಿ. ನೀವ್ ಒಂದ ಮಾತ ಹೇಳಲಿಲ್ಲ. ಮಾಯವ್ವನ ಕೇಳಿದ್ರ ಆಕಿ ಬಾಯಿಗೆ ಬೀಗ. ಹೋಗ್ಲಿ ಬಿಡ್ರಿ, ಹೆಂಗರ ಆಗಲಿ, ಹಡದ ಜೀವ. ತುಪ್ಪ ಕೈ ಬಿಟ್ಟ ಹಾಕೇನಿ.”

ಪರದೆ ಸರಿಸಿದ ಮೇಲೆ ಅತಿಥಿ ಕಂಡ. ಮುತ್ತವ್ವ ಸೆರಗು ಎಳೆದುಕೊಂಡಳು. ಡಬ್ಬಿಯನ್ನು ತಂಗೆವ್ವನ ಕೈಗೆ ಕೊಡಲಿಲ್ಲ. ಸೌಂದರ್ಯಾಳ ಮೊಣಕಾಲ ಹತ್ತಿರ ಮೆಲ್ಲಗೆ ಇಟ್ಟು, ಅವಳ ತಲೆ ಸವರಿ, ಬಂದ ದಾರಿಯಲ್ಲೇ ಹೋದಳು.

ಗೋಡೆಯಾಚೆಯ ಮಗ್ಗಗಳ ಸದ್ದು ಒಳಗೆ ಬಂದು ಕುಳಿತಿತು.

“ನಾ ಮೊದಲ ನೂರಾ ಎಂಟ ಕಿಲೋ ಇದ್ದೆರಿ,” ಎಂದಳು ಸೌಂದರ್ಯಾ. “ಇಳಿಸಿದೆ. ಚರ್ಮ ಸಡಿಲ ಆಗೇತಿ. ಅದಕ್ಕ ಹೊಟ್ಟಿ ಕಟ್ಯಾರ್ರಿ. ಹೊಗಿನೂ ಅದಕ್ಕ.”

ಒಂದೊಂದು ಮಾತೂ ನಿಜ. ಒಟ್ಟಿಗೆ ಕೇಳಿದರೆ ಈಗಷ್ಟೇ ಹೆಣೆದ ಕಥೆ. ತಾಯಿಯ ಸುಳ್ಳಿನ ನಂತರ ಬಂದದ್ದಕ್ಕೆ ಅದೂ ಸುಳ್ಳಿನ ಸಾಲಿನಲ್ಲೇ ನಿಂತಿತು.

ಪರಮಾನಂದ ಡಬ್ಬಿಯನ್ನು ನೋಡಿದ.

“ಕೂಸು ಆರಾಮ ಐತೇನ್ರಿ?”

ಅವಳು ಅಸಹ್ಯಕ್ಕೆ ಸಿದ್ಧಳಾಗಿದ್ದಳು. ಅವನ ಮುಖದಲ್ಲಿ ಅದರ ಗುರುತೂ ಇರಲಿಲ್ಲ. ಕೂಸಿದೆ ಎಂದರೆ ಈ ಮನುಷ್ಯ ಒಪ್ಪಿಕೊಂಡಾನು ಎಂದು ಅವಳಿಗೆ ಅನ್ನಿಸಿತು.

“ಕೂಸು ಹುಟ್ಟೇ ಇಲ್ಲರಿ.”

“ಹೂಂ ರಿ,” ಎಂದ. ಹೋಂವರ್ಕ್ ತರದ ಹುಡುಗರಿಗೆ ಅನ್ನುವ ಹಾಗೆ, ಬೇಸರವಿಲ್ಲದೆ. “ನಾ ತಿಳಸತೇನ್ರಿ.”

ಏಳುವ ಮೊದಲು ಚಹ ಪೂರ್ತಿ ಕುಡಿದ.

ಅವನು ಹೋದ ಮೇಲೆ ಅವಳು ಕೋಣೆಯಲ್ಲಿ ಅರಿವೆ ಬಿಚ್ಚಿದಳು. ಒಂದು, ಎರಡು, ಮೂರು, ನಾಲ್ಕು. ಚರ್ಮ ಅವಸರವಿಲ್ಲದೆ ತನ್ನ ಜಾಗಕ್ಕೆ ಇಳಿಯಿತು. ಅದರ ಮೇಲೆ ಸೀರೆಯ ದಡಿಯ ನೇಯ್ಗೆ ಕೆಂಪಗೆ ಒತ್ತಿತ್ತು. ಬೆರಳಿಂದ ಎಳೆ ಎಣಿಸಬಹುದಿತ್ತು.

“ನಾಳಿಗೆ ಬೇಕಲ್ಲ,” ಎಂದು ತಂಗೆವ್ವ ಅರಿವೆ ಒಗೆದಳು. ಮಗಳ ಮುಖ ನೋಡಲಿಲ್ಲ. ಹಗ್ಗದ ಮೇಲೆ ಜಾಗವಿಲ್ಲವೆಂದು ಎರಡು ತುದಿಗಳನ್ನು ಹಿತ್ತಿಲ ಎರಡು ಕಂಬಗಳಿಗೆ ಕಟ್ಟಿ ಒಳಗೆ ಹೋದಳು. ನೀರಿನ ಭಾರಕ್ಕೆ ನಡುವೆ ಜೋತು, ಅದು ಕೂಸು ಮಲಗಿಸುವ ಜೋಳಿಗೆಯಾಗಿ ನಿಂತಿತು.

ಸೌಂದರ್ಯಾ ಡಬ್ಬಿ ಹಿಡಿದು ಹೊರಗೆ ಬಂದಳು. ಎರಡೂವರೆ ವರ್ಷದಲ್ಲಿ ಸಿಹಿ ಮುಟ್ಟಿರಲಿಲ್ಲ. ಒಂದು ಉಂಡಿ ತಿಂದಳು. ರುಚಿಯಾಗಿತ್ತು. ಇನ್ನೊಂದು ತಿಂದಳು.

ಗೋಡೆಯಾಚೆ ಮಗ್ಗಗಳು ಒಮ್ಮೆಲೇ ನಿಂತವು. ಕರೆಂಟು ಹೋಗಿರಬೇಕು. ಆ ನಿಶ್ಶಬ್ದದಲ್ಲಿ ಮುತ್ತವ್ವನ ಬಳೆಗಳು ಗೋಡೆಯ ಹತ್ತಿರ ಬಂದು, ಕಿವಿಗೊಟ್ಟು ನಿಂತವು.

ಅರಿವೆ ತೂಗುತ್ತಿತ್ತು. ಗಾಳಿ ನಿಂತು ಎಷ್ಟೋ ಹೊತ್ತಾಗಿತ್ತು. ಅವಳ ಕೈ ಅದರ ಅಂಚಿನ ಮೇಲಿತ್ತು.